ಕರೆಗಲ್ಲು ಹತ್ತಿದ ಕಿಲ್ಲೇದಾರರು

ನಮ್ಮ ಕೋಟೆಯ ಕಿಲ್ಲೇದಾರ ಸಿದ್ದರಸರು ತಮ್ಮ ಅರವತ್ತೆರಡು ಜನ ಸಿಪಾಯಿಗಳನ್ನು ಕರೆಗಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ ಮಹಾರಾಜರ ಹೆಸರು ಹಿಡಿದು ಕೂಗಿಸಿದ ದಿನ ನಾನು ಕಲ್ಲಿನ ಬುಡದಲ್ಲಿ ಕಷಾಯ ಕಾಯಿಸುತ್ತಾ ಕುಳಿತಿದ್ದೆ. ಅದೇ ನನ್ನ ಕೆಲಸ. ಕಲ್ಲು ಗುಡಿಸುವುದು, ಹತ್ತುವವರಿಗೆ ಎಲ್ಲಿ ಕಾಲಿಡಬೇಕೆಂದು ತೋರಿಸುವುದು, ಇಳಿದು ಬಂದವರಿಗೆ ಮೆಣಸು ಶುಂಠಿ ಹಾಕಿದ ಕಷಾಯ ಕೊಡುವುದು. ಮೊದಲು ನಮ್ಮವ್ವ ಮಾಡುತ್ತಿದ್ದಳು, ಆಮೇಲೆ ನಾನು. ಕರೆ ಮುಟ್ಟಿದರೆ ಕರೆದವರ ಗಂಟಲು ಒಂದು ದಿನ ಪೂರ್ತಿ ಕಟ್ಟಿಹೋಗುತ್ತದೆ, ಅದಕ್ಕೇ ಕಷಾಯ. ಆ ದಿನ ಅರವತ್ತೆರಡು ಜನರೂ ಇಳಿದು ಬಂದು, "ಚೆನ್ನಾಗೈತೆ ಕೆಂಚವ್ವ, ಇನ್ನೊಂದು ಲೋಟ ಹಾಕು" ಎಂದು ಗಟ್ಟಿ ಗಂಟಲಿನಲ್ಲಿ ಕೇಳಿದರು. ಒಬ್ಬನ ಗಂಟಲೂ ಕಟ್ಟಿರಲಿಲ್ಲ.

ನಮ್ಮ ಊರಿನವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಒಂದು ಗಂಟಲಿಗೆ ವರ್ಷಕ್ಕೆ ಒಂದೇ ಕರೆ, ಉಗಾದಿಯಿಂದ ಉಗಾದಿಗೆ. ಕರೆಯುವವರು ಕರೆಸಿಕೊಳ್ಳುವವರನ್ನು ಹಿಂದೆ ಒಂದು ಸಲವಾದರೂ ಊಟಕ್ಕೆ ಕರೆದಿರಬೇಕು. ಕಲ್ಲಿನ ಮೇಲೆ ನಿಂತು, ಊಟಕ್ಕೆ ಕರೆಯುತ್ತಿದ್ದ ಅದೇ ಹೆಸರು ಹಿಡಿದು, ಒಂದೇ ಉಸಿರಿನಲ್ಲಿ 'ಬಾ' ಎನ್ನಬೇಕು. ಅವರು ಹೊಳೆಯಾಚೆ ಇರಲಿ, ಘಟ್ಟದಾಚೆ ಇರಲಿ, ಪಕ್ಕದ ಕೋಣೆಯಿಂದ ಕರೆದ ಹಾಗೆ ಅವರ ಕಿವಿಗೆ ಬೀಳುತ್ತದೆ, ಅಲ್ಲಿ ಅವರ ಪಕ್ಕದಲ್ಲಿದ್ದವರಿಗೂ ಕೇಳಿಸುವುದಿಲ್ಲ. ಮಿಕ್ಕ ಮಾತು ಎಷ್ಟು ಸೇರಿಸಿದರೂ ದಂಡ. ಹೆಂಗಸರಲ್ಲಿ ಮುಕ್ಕಾಲು ಪಾಲು ತಮ್ಮ ಕರೆಯನ್ನು ಗೌರಿ ಹಬ್ಬಕ್ಕೆ ಮಗಳನ್ನು ಕರೆಸಲು ಇಟ್ಟುಕೊಳ್ಳುತ್ತಾರೆ. ಗಂಡನ ಹೆಸರು ಹೇಳಲು ನಾಚುವವರು ಕಲ್ಲು ಹತ್ತಿ 'ಇಕಾ, ಬಾ' ಅಂದರೂ ನಡೆಯುತ್ತದೆ, ಯಾಕೆಂದರೆ ಆ ಮನೆಯಲ್ಲಿ ಅವನನ್ನು ಊಟಕ್ಕೆ ಎಬ್ಬಿಸುತ್ತಿದ್ದದ್ದೇ ಹಾಗೆ. ಹಾಗಾದರೆ ಸೀಮೆಯ ಗಂಡಂದಿರೆಲ್ಲ ಒಟ್ಟಿಗೆ ಓಡಿಬರುತ್ತಾರೆಯೇ ಎಂದು ಕೇಳಬೇಡಿ, ಕರೆಗೆ ತನ್ನ ಮನೆ ಯಾವುದೆಂದು ಗೊತ್ತು. ಬರುವುದು ಬಿಡುವುದು ಕೇಳಿಸಿಕೊಂಡವರ ಇಷ್ಟ. ಆದರೆ ಅವರು ಬಂದ ಮೇಲೆ ಕರೆದವರು ಬಾಗಿಲು ತೆಗೆದು ಎಲೆ ಹಾಕಲೇಬೇಕು. ಕರೆದು ಬಾಗಿಲು ಹಾಕಿಕೊಂಡವರ ಮನೆ ನಮ್ಮ ಊರಿನಲ್ಲಿ ಇದುವರೆಗೆ ಇಲ್ಲ.

ಕಿಲ್ಲೇದಾರರು ಊರಿಗೆ ಹೊಸಬರು. ಎಂಟು ತಿಂಗಳ ಹಿಂದೆ ರಾಜಧಾನಿಯಿಂದ ಬಂದವರು. ಐವತ್ತು ದಾಟಿದ, ಬೆನ್ನು ಬಾಗದ, ಮೀಸೆಗೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚುವ ಮನುಷ್ಯ. ಉಗಾದಿಗೆ ಇನ್ನೂ ಇಪ್ಪತ್ತು ದಿನ ಇರುವಾಗ ಹೊಳೆಯಾಚೆಯ ನಾಯಕ ಎರಡು ಸಾವಿರ ಜನರನ್ನು ಕಟ್ಟಿಕೊಂಡು ಬಂದು ಕೋಟೆಗೆ ಮುತ್ತಿಗೆ ಹಾಕಿದ. ಅವರಲ್ಲಿ ಮುಕ್ಕಾಲು ಜನ ಸುತ್ತಲ ಹಳ್ಳಿಗಳಿಂದ ಹೊಟ್ಟೆಪಾಡಿಗೆ ಸೇರಿದ ಕೂಲಿ ಸಿಪಾಯಿಗಳು. ಕಿಲ್ಲೇದಾರರು ದಂಡು ಬೇಕೆಂದು ಓಲೆ ಬರೆದು ಮೂವರು ಓಟಗಾರರನ್ನು ಕಳಿಸಿದರು. ನಾಯಕ ಮೂವರನ್ನೂ ಹಿಡಿದು, ತಲೆ ಬೋಳಿಸಿ, ಹೊಟ್ಟೆ ತುಂಬ ಉಣ್ಣಿಸಿ ವಾಪಸು ಕಳಿಸಿದ. ಹೊಡೆದಿದ್ದರೆ ಕಿಲ್ಲೇದಾರರಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಉಗಾದಿಗೆ ನಮ್ಮ ಊರಿನಲ್ಲಿ ಬೇವು ಇತ್ತು, ಬೆಲ್ಲ ಇರಲಿಲ್ಲ. ಹಬ್ಬ ಕಳೆದು ಇಪ್ಪತ್ತು ದಿನವಾದ ಮೇಲೆ ಯಾರೋ ಅವರಿಗೆ ಕರೆಗಲ್ಲಿನ ವಿಷಯ ಹೇಳಿದರು.

ಸಿಪಾಯಿಗಳು ಹತ್ತುವ ಮೊದಲೇ ನಾನು ಕೈ ಮುಗಿದು ಕೇಳಿದ್ದೆ. "ಬುದ್ದೀ, ಮಾರಾಜರನ್ನ ಅರಮನೇಲಿ ಉಣ್ಣಾಕೆ ಏನಂತ ಕರೀತಿದ್ರು? ನಿಮ್ ಪೈಕಿ ಯಾರಾದ್ರೂ ಕರೆದೋರು ಇದ್ದೀರಾ?"

ಅವರ ಮುಖ ಕೆಂಪಾಯಿತು. "ಮಹಾರಾಜರಿಗೆ ಅಡ್ಡ ಹೆಸರು ಇರುತ್ತದೇನಮ್ಮ? ನಾಲಿಗೆ ಬಿಗಿಹಿಡಿದು ಮಾತಾಡು."

ನಾನು ಬಿಗಿಹಿಡಿದೆ. ಅವರು ರಾಜಾಧಿರಾಜ ಎಂದು ಶುರುಮಾಡಿ ಇಪ್ಪತ್ತನಾಲ್ಕು ಬಿರುದುಗಳನ್ನೂ ಬರೆಸಿ, ಒಂದು ಅಕ್ಷರ ತಪ್ಪದಂತೆ ಎರಡು ದಿನ ಬಾಯಿಪಾಠ ಮಾಡಿಸಿದ್ದರು. ಮೊದಲು ತಾವು ಕೂಗಿದರು, ಆಮೇಲೆ ಸಿಪಾಯಿಗಳು ಒಕ್ಕೊರಲಿನಿಂದ ಕೂಗಿದರು. ಕೇಳಲು ಬಹಳ ಚೆನ್ನಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ. ಅಷ್ಟೂ ಗಂಟಲುಗಳ ಒಂದು ವರ್ಷದ ಕರೆ ಅಲ್ಲಿಗೆ ಮುಗಿಯಿತು.

ನಾಲ್ಕು ದಿನ ಕಾದರು. ಐದನೆಯ ದಿನ ಬೆಳಿಗ್ಗೆ ನಾನು ಕಲ್ಲು ಗುಡಿಸುತ್ತಿರುವಾಗ ಒಬ್ಬರೇ ಬಂದರು. ಮೀಸೆಗೆ ಎಣ್ಣೆ ಹಚ್ಚಿರಲಿಲ್ಲ.

"ಮುಟ್ಟಿಲ್ಲ, ಅಲ್ಲವೇ?" ಎಂದರು.

"ಇಲ್ಲ ಬುದ್ದಿ. ಅವತ್ತೇ ಗೊತ್ತಾಯ್ತು."

"ಗೊತ್ತಿದ್ದು ಯಾಕೆ ಹೇಳಲಿಲ್ಲ?"

"ನಾಲಿಗೆ ಬಿಗಿಹಿಡಿ ಅಂದ್ರಿ. ಹಿಡ್ಕೊಂಡಿದ್ದೆ."

ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ, ಕಲ್ಲಿನ ಬುಡದಲ್ಲಿ ಕುಳಿತುಕೊಂಡರು. ನಾಯಕ ಹೊಳೆಯಾಚೆಯಿಂದ ಎರಡು ದೊಡ್ಡ ಫಿರಂಗಿ ತರಿಸುತ್ತಿದ್ದಾನಂತೆ, ನಲವತ್ತು ಜೊತೆ ಎತ್ತು ಕಟ್ಟಿದ್ದಾರಂತೆ, ಇನ್ನು ಹತ್ತು ದಿನಕ್ಕೆ ಇಲ್ಲಿರುತ್ತವೆ ಎಂದರು. ಹುಣಿಸೆ ಮರದ ಕಡೆಯ ಗೋಡೆ ಮೂರು ಏಟೂ ತಾಳುವುದಿಲ್ಲ ಎಂದರು. ಗೋಡೆ ಬಿದ್ದರೆ ಒಳಗಿರುವ ನಾನೂರು ಮನೆಗಳಿಗೆ ಏನಾಗುತ್ತದೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

"ಬುದ್ದೀ, ನಿಮ್ಮನೇವ್ರು ಯಾರೂ ಇಲ್ವಾ? ನಿಮ್ಮ ಕರೆ ಅವ್ರಿಗೆ ಇಟ್ಕೊಂಡಿದ್ರೆ…" ಎಂದು ನಾನು ಅರ್ಧಕ್ಕೆ ನಿಲ್ಲಿಸಿದೆ.

"ನಾನು ದಂಡಿನ ಲಾಯದಲ್ಲಿ ಬೆಳೆದವನು ಕೆಂಚವ್ವ. ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲ. ನಮ್ಮನ್ನು ಊಟಕ್ಕೆ ಕರೆಯುತ್ತಿದ್ದದ್ದು ನಗಾರಿ. ನಾನು ಯಾರನ್ನೂ ಊಟಕ್ಕೆ ಕರೆದದ್ದೂ ಇಲ್ಲ." ಕಲ್ಲನ್ನು ಕೈಯಿಂದ ಸವರಿ, "ಈ ವಿಷಯ ನನಗೆ ಮೊದಲೇ ತಿಳಿದಿದ್ದರೂ ನನ್ನ ಕರೆ ದಂಡವೇ ಆಗುತ್ತಿತ್ತು" ಎಂದರು.

ನನಗೆ ಪಾಪ ಅನ್ನಿಸಿತು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೆ ನನ್ನದೇ ಕಥೆ ಹೇಳಿದೆ. ಒಂಬತ್ತು ವರ್ಷದ ಹಿಂದೆ ನನ್ನ ಗಂಡ ಪಕ್ಕದ ಊರಿನ ಕೋಳಿ ಪಂದ್ಯಕ್ಕೆ ಹೋಗಿ ಮೂರು ದಿನವಾದರೂ ಬರಲಿಲ್ಲವೆಂದು, ನಾನು ಸಿಟ್ಟು ನೆತ್ತಿಗೇರಿ ಕಲ್ಲು ಹತ್ತಿ ಅವನನ್ನು ಕರೆದೆ. ಕಂಕುಳಲ್ಲಿ ಹುಂಜ ಇಟ್ಟುಕೊಂಡು ಹಲ್ಲು ಕಿರಿಯುತ್ತಾ ಬಂದ. ಎರಡು ತಿಂಗಳ ಮೇಲೆ ನಮ್ಮವ್ವ ಹಾಸಿಗೆ ಹಿಡಿದಳು. ನನ್ನ ತಮ್ಮ ಗುಜ್ಜ ಉಪ್ಪಿನ ಗಾಡಿಯ ಜೊತೆ ಸಮುದ್ರದ ಕಡೆ ಹೋಗಿದ್ದ. ಅವ್ವ ಐದು ದಿನ, ಎಚ್ಚರವಾದಾಗಲೆಲ್ಲ, ಗುಜ್ಜ ಬಂದನಾ ಎಂದು ಕೇಳಿದಳು. ಅವಳಿಗೆ ಕಲ್ಲು ಹತ್ತುವ ಶಕ್ತಿ ಇರಲಿಲ್ಲ, ನನ್ನ ಗಂಟಲಿನಲ್ಲಿ ಕರೆ ಇರಲಿಲ್ಲ. ನನ್ನ ಗಂಡನನ್ನು ಹತ್ತಿಸೋಣವೆಂದರೆ ಅವನು ಜನ್ಮದಲ್ಲಿ ಊಟಕ್ಕೆ ಕರೆದಿದ್ದದ್ದು ಕೋಳಿಗಳನ್ನು ಮಾತ್ರ. ಗುಜ್ಜ ಬರುವಷ್ಟರಲ್ಲಿ ಬೂದಿಯೂ ಆರಿತ್ತು. 'ಕರೆಗಲ್ಲು ಕಾಯೋ ಮನೇಲಿ ಹುಟ್ಟಿ, ನಮ್ಮವ್ವ ಹೋಗೋದು ನಂಗೆ ಗೊತ್ತಾಗ್ಲಿಲ್ಲ. ಇನ್ನ ನನ್ನ ಕರೀಬ್ಯಾಡ ನೀನು' ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ಅಲ್ಲಿಂದ ಇಲ್ಲಿಗೆ ನಾನು ಯಾರನ್ನೂ ಕರೆದಿಲ್ಲ.

ಕಿಲ್ಲೇದಾರರು ಎದ್ದು ನಿಂತು ಕಲ್ಲಿನ ಕಡೆ ನೋಡಿದರು. ಆಮೇಲೆ, "ಊರಿನವರ ಗಂಟಲಿನಲ್ಲಿ ಈ ವರ್ಷದ ಕರೆ ಇನ್ನೂ ಇದೆಯಾ?" ಎಂದು ಕೇಳಿದರು.

"ಗೌರಿ ಹಬ್ಬ ಇನ್ನೂ ದೂರ ಐತೆ. ಎಲ್ಲಾರ್ದೂ ಹಂಗೇ ಐತೆ."

"ಆದರೆ ಅವರು ಕರೆದರೆ ಬರುವವರು ನೆಂಟರು. ನನಗೆ ಬೇಕಾದದ್ದು ದಂಡು."

"ದಂಡು ಕರೆದ್ರಿ, ಬರ್ಲಿಲ್ಲ. ಬರೋರನ್ನ ಕರೀಬೇಕು ಬುದ್ದಿ."

ಆ ಸಂಜೆ ಚಾವಡಿಯ ಮುಂದೆ ಊರು ಸೇರಿತು. ಎಂಟು ತಿಂಗಳಲ್ಲಿ ಕಿಲ್ಲೇದಾರರು ಊರಿನವರೊಂದಿಗೆ ಮಾತಾಡಿದ್ದು ಡಂಗುರದವನ ಬಾಯಲ್ಲಿ ಮಾತ್ರ. ಅಂದು ತಾವೇ ಕಟ್ಟೆ ಹತ್ತಿ ನಿಂತರು. ಯುದ್ಧದ ಮಾತೆಂದರೆ ಸಲೀಸು, ಇದು ಅವರಿಗೆ ಬಾರದ ವಿದ್ಯೆ. ತಡವರಿಸಿದರು. "ನನ್ನಿಂದ ತಪ್ಪಾಗಿದೆ. ಕೇಳಿ ಮಾಡಬೇಕಾದದ್ದನ್ನು ಕೇಳದೆ ಮಾಡಿ ನನ್ನವರ ಕರೆಗಳನ್ನೆಲ್ಲ ಹಾಳುಮಾಡಿದೆ. ಇರುವವರು ನಾವು ಅರವತ್ಮೂರು ಜನ. ಹೊರಗೆ ಎರಡು ಸಾವಿರ. ಹತ್ತು ದಿನಕ್ಕೆ ಫಿರಂಗಿ ಬರುತ್ತದೆ. ನಮ್ಮಿಂದ ಈ ಕೋಟೆ ಉಳಿಯುವುದಿಲ್ಲ. ನಿಮ್ಮವರನ್ನು ಕರೆಯಿರಿ ಎಂದು ಕೇಳಲು ಬಂದಿದ್ದೇನೆ. ಅಪ್ಪಣೆಯಲ್ಲ, ಬೇಡಿಕೆ."

ಗಾಣದ ನಿಂಗಾಜಮ್ಮ ಎದ್ದು ನಿಂತಳು. ಅವಳಿಗೆ ಒಬ್ಬಳೇ ಮಗಳು, ಆರು ಹರದಾರಿ ದೂರದ ಊರಿಗೆ ಕೊಟ್ಟಿದ್ದಳು. "ಹಬ್ಬಕ್ಕೆ ಕರೆಯೋ ಮಗೀನ ಈಗ್ಲೇ ಕರೀಬೌದು, ಅದಲ್ಲ ನಂಗೆ ಚಿಂತೆ. ಬೆಂಕಿ ಬಿದ್ದಿರೋ ಮನೆಗೆ ಮಗಳನ್ನ ಬಾ ಅನ್ನೋಕೆ ಆಯ್ತದಾ ಸ್ವಾಮಿ? ಬಾ ಅನ್ಬೌದೇ ಹೊರ್ತು ಯಾಕೆ ಅಂತ ಹೇಳಂಗಿಲ್ಲ. ಅದು ಹಬ್ಬ ಅಂದ್ಕಂಡು ಹೂ ಮುಡ್ಕಂಡು ಬತ್ತದೆ."

ಎಲ್ಲರ ಮನಸ್ಸಿನಲ್ಲಿದ್ದದ್ದೂ ಅದೇ. ಕಿಲ್ಲೇದಾರರು ಜಾಣ ಉತ್ತರ ಕೊಡಲಿಲ್ಲ. "ನಿಮ್ಮ ಮಾತು ನಿಜ, ತಾಯಿ. ಬಂದವರಿಗೆ ಏನೂ ಆಗುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಕೋಟೆ ಬಿದ್ದ ಮೇಲೆ ನಾಯಕ ಮುಂದಿನ ತಿಂಗಳು ನಿಮ್ಮ ಮಗಳ ಊರಿಗೇ ಹೋಗುತ್ತಾನೆ. ಅಷ್ಟು ಮಾತ್ರ ಹೇಳಬಲ್ಲೆ. ಕರೆಯಲು ಮನಸ್ಸಾಗದವರನ್ನು ನಾನು ಏನೂ ಅನ್ನುವುದಿಲ್ಲ."

ಇಷ್ಟು ಹೇಳಿ ಕಟ್ಟೆಯಿಂದ ಇಳಿದು ಹೊರಟೇ ಬಿಟ್ಟರು. ಹಿಂದಿನಿಂದ ಯಾರೋ, "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎಂದರು. ಯಾರೂ ನಗಲಿಲ್ಲ. ನಿಂಗಾಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದು, "ಕೆಂಚವ್ವಾ, ನಾಳೆ ಕಷಾಯ ಜಾಸ್ತಿ ಮಾಡು" ಎಂದಳು.

ಮರುದಿನ ಹೊತ್ತು ಮೂಡಿದಾಗಿನಿಂದ ಕಲ್ಲಿನ ಮೇಲೆ ಜನ. ನಿಂಗಾಜಮ್ಮ ಮೊದಲು ಹತ್ತಿ 'ಚಿಕ್ಕಣೀ, ಬಾ' ಎಂದು ಕರೆದಳು. ಆಮೇಲೆ ಬೊಮ್ಮಿ, ಕುಳ್ಳ, ಸೀಗಕ್ಕ, ಮೊಟ್ಟಣ್ಣ, ದುಂಡಿ, ತುಪ್ಪ. ಹೊರಗೆ ದೊಡ್ಡ ಗೌಡರೆನಿಸಿಕೊಂಡವರನ್ನು ಅವರ ಅಕ್ಕಂದಿರು 'ಸಿಂಬಳಾ, ಬಾ' ಎಂದು ಕರೆದದ್ದನ್ನು ಈ ಕಿವಿಯಾರೆ ಕೇಳಿದೆ. ಎಪ್ಪತ್ತು ವರ್ಷದ ಒಬ್ಬ ಮುದುಕ ತನ್ನ ಹಳೆಯ ಜೊತೆಗಾರನನ್ನು ಕರೆದ. ಹೊಲದಲ್ಲಿ ಇಬ್ಬರೂ ಒಂದೇ ಬುತ್ತಿ ಉಣ್ಣುತ್ತಿದ್ದರಂತೆ. ಮನಸ್ಸಾಗದ ಹತ್ತಿಪ್ಪತ್ತು ಮನೆಯವರು ಬರಲಿಲ್ಲ, ಯಾರೂ ಅವರನ್ನು ಏನೂ ಅನ್ನಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಏಳುನೂರು ಗಂಟಲುಗಳು ಕಲ್ಲು ಹತ್ತಿ ಇಳಿದಿದ್ದವು, ಎಲ್ಲವೂ ಕಟ್ಟಿದ್ದವು. ಊರಿಗೆ ಊರೇ ಪಿಸುಗುಟ್ಟುತ್ತಿತ್ತು. ಅತ್ತೆ ಸೊಸೆಯನ್ನು ಬೈಯಲಾಗದೆ ಕೈಯಾಡಿಸುತ್ತಿದ್ದಳು, ಸೊಸೆ ಕಾಣಲಿಲ್ಲವೆಂದು ಬೆನ್ನು ತಿರುಗಿಸುತ್ತಿದ್ದಳು. ಗಟ್ಟಿಯಾಗಿ ಮಾತಾಡಬಲ್ಲವರೆಂದರೆ ಸಿಪಾಯಿಗಳು, ಮಕ್ಕಳು, ಕಲ್ಲು ಹತ್ತದೆ ಉಳಿದವರು. ಕಿಲ್ಲೇದಾರರು ಬೆಳಗಿನಿಂದ ಕಲ್ಲಿನ ಪಕ್ಕದಲ್ಲೇ ನಿಂತು, ಹತ್ತಲಾರದ ಮುದುಕಿಯರಿಗೆ ಕೈ ಕೊಡುತ್ತಿದ್ದರು.

ಕೊನೆಗೆ ಉಳಿದವಳು ನಾನು. ಕರೀಬ್ಯಾಡ ಎಂದು ಹೇಳಿ ಹೋದವನನ್ನು ಕರೆಯುವುದು ಹೇಗೆ? ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಕಲ್ಲು ಹತ್ತಿ ಕಣ್ಣು ಮುಚ್ಚಿಕೊಂಡೆ. ನಮ್ಮ ಹಿತ್ತಿಲು ಕಣ್ಣಿಗೆ ಬಂತು, ಎಳೆ ಹುಣಿಸೆಕಾಯಿ ಕಚ್ಚುತ್ತಾ ಗೋಡೆ ಮೇಲೆ ಕುಳಿತ ಗುಜ್ಜ ಕಂಡ. "ಗುಜ್ಜಾ, ಬಾ" ಎಂದೆ. ಇಳಿಯುವಾಗ ಕಿಲ್ಲೇದಾರರು ಏನೋ ಕೇಳಿದರು. ಉತ್ತರ ಕೊಡಲು ಬಾಯಿ ತೆರೆದರೆ ದನಿಯೇ ಇಲ್ಲ. ನನ್ನ ತಮ್ಮ ಬದುಕಿದ್ದಾನೆಂದು ನನಗೆ ತಿಳಿದದ್ದು ಹಾಗೆ. ಅಲ್ಲೇ ಕುಸಿದು ಕುಳಿತು ಅತ್ತೆ.

ಮಾರನೆಯ ದಿನ ಬೆಳಿಗ್ಗೆ ಕಾವಲಿನವನು ಓಡಿ ಬಂದ. ಕಂದಕದ ಆಚೆ, ಹೆಬ್ಬಾಗಿಲಿನ ಎದುರಿಗೆ, ನಾಯಕನ ಕೆಂಪು ರುಮಾಲು ಸುತ್ತಿದ ಒಬ್ಬ ಆಳು ಕೈ ಮೇಲೆತ್ತಿ ನಿಂತಿದ್ದಾನಂತೆ. ಕೆಂಚವ್ವನ ಹೆಸರು ಹೇಳುತ್ತಿದ್ದಾನಂತೆ. ನಾನು ಕಿಲ್ಲೇದಾರರ ಹಿಂದೆ ಬುರುಜು ಹತ್ತಿ ನೋಡಿದೆ. ತಲೆ ಅರ್ಧ ನರೆತಿತ್ತು, ಗಡ್ಡ ಬಿಟ್ಟಿದ್ದ. ನಿಂತ ರೀತಿ ಮಾತ್ರ ಅದೇ, ಒಂದು ಕಾಲಿನ ಮೇಲೆ ಭಾರ ಹಾಕಿ.

"ಅಕ್ಕ ಕರೆದ್ಲು, ಬಂದೀವ್ನಿ" ಎಂದು ಅವನು ಕೂಗಿದ.

ಕಿಲ್ಲೇದಾರರು ನನ್ನ ಕಡೆ ತಿರುಗಿದರು. "ನಿನ್ನ ತಮ್ಮ ನಾಯಕನ ದಂಡಿನಲ್ಲಿ ಇದ್ದನೇ?"

ನನಗೇನು ಗೊತ್ತು? ಇಲ್ಲವೆಂದು ತಲೆಯಾಡಿಸಿ, ಅವರ ಕಿವಿಯ ಹತ್ತಿರ ಪಿಸುಗುಟ್ಟಿದೆ. "ಬಾಗ್ಲು ತೆಗೆಸಿ ಬುದ್ದಿ."

"ಮುತ್ತಿಗೆಯಲ್ಲಿ ಬಾಗಿಲು ತೆಗೆದ ಕಿಲ್ಲೇದಾರನ ತಲೆ ತೆಗೆಯುತ್ತಾರೆ ಕೆಂಚವ್ವ. ಇದು ನಾಯಕನ ಹೂಟವಾಗಿದ್ದರೆ?"

"ಕರೆದೋರು ಬಂದ್ರೆ ಬಾಗ್ಲು ತೆಗೀಬೇಕು. ಕರೆಸಿದ್ದು ನೀವೇಯ."

ಅವರು ಒಮ್ಮೆ ಡೇರೆಗಳ ಕಡೆ ನೋಡಿದರು, ಒಮ್ಮೆ ಊರಿನ ಮಾಡುಗಳ ಕಡೆ ನೋಡಿದರು. ಆಮೇಲೆ ತಾವೇ ಮೆಟ್ಟಿಲಿಳಿದು ಹೋಗಿ ಹೆಬ್ಬಾಗಿಲಿನ ಪಕ್ಕದ ದಿಡ್ಡಿ ಬಾಗಿಲಿನ ಅಗಳಿ ಜಗ್ಗಿದರು. ಕಂದಕಕ್ಕೆ ಹಲಗೆ ಹಾಕಿಸಿದರು. ಗುಜ್ಜ ತಲೆ ಬಗ್ಗಿಸಿ ಒಳಗೆ ಬಂದ. ಒಂಬತ್ತು ವರ್ಷದಿಂದ ಅವನಿಗೆ ಹೇಳಬೇಕೆಂದು ಇಟ್ಟುಕೊಂಡ ಮಾತು ನನ್ನಲ್ಲಿ ಒಂದು ಕಣಜದಷ್ಟಿತ್ತು, ಒಂದೂ ಹೊರಗೆ ಬರಲಿಲ್ಲ.

"ಗಂಟಲು ಕಟ್ಟೈತಾ ಅಕ್ಕ?" ಎಂದ.

ಹೂಂ ಎಂದು ತಲೆಯಾಡಿಸಿದೆ.

"ನನ್ನ ಕರೆದಿದ್ದಕ್ಕಾ?" ಅವನ ಕಣ್ಣು ತುಂಬಿದ್ದವು. "ಏಳು ವಾರದಿಂದ ಈ ಗೋಡೆ ನೋಡ್ಕಂಡೇ ಕೂತಿದ್ದೆ ಕಣಕ್ಕ. ಕರೀಬ್ಯಾಡ ಅಂದೋನು ನಾನೇ, ಯಾವ ಮುಖ ಇಟ್ಕಂಡು ಬರ್ಲಿ ಅಂತಿದ್ದೆ."

ಅವನ ಕೈ ಹಿಡಿದುಕೊಂಡು ಮನೆಗೆ ಕರೆದೊಯ್ದು ಎಲೆ ಹಾಕಿದೆ. ಹುರುಳಿ ಸಾರು, ಒಂದು ಮುದ್ದೆ. ನನ್ನ ಪಾಲಿನದೂ ಅವನಿಗೇ ಬಡಿಸಿದೆ. ಕಿಲ್ಲೇದಾರರು ಹೊಸ್ತಿಲಲ್ಲಿ ನಿಂತು ಡೇರೆಗಳ ಸುದ್ದಿ ಕೇಳಿದರು. ಗುಜ್ಜ ತುತ್ತಿನ ನಡುವೆ ಹೇಳಿದ. ಹಿಂದಿನ ದಿನ ಬೆಳಿಗ್ಗೆಯಿಂದಲೂ ದಂಡಿನಲ್ಲಿ ಒಬ್ಬೊಬ್ಬರೇ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತಿದ್ದರಂತೆ. ಅಡಿಗೆಯವನು ಸೌಟು ಬಿಟ್ಟ, ಕುದುರೆ ತಿಕ್ಕುತ್ತಿದ್ದವನು ನೀರು ಚೆಲ್ಲಿದ. ಯಾರು ಕರೆದರೋ ಎಂದು ಒಬ್ಬರನ್ನೊಬ್ಬರು ಕೇಳುತ್ತಾ, ನಮ್ಮಕ್ಕ, ನಮ್ಮ ದೊಡ್ಡವ್ವ, ನಮ್ಮತ್ತೆ ಎನ್ನುತ್ತಾ, ಎಲ್ಲರೂ ಕೋಟೆಯ ಕಡೆಗೇ ತಿರುಗಿ ನೋಡಿದರಂತೆ. "ಇಷ್ಟ್ ದಿವ್ಸ ಅದು ಕ್ವಾಟೆ ಆಗಿತ್ತು ಬುದ್ದಿ. ನಮ್ಮನೆ ಒಳಗೈತೆ ಅಂತ ನೆಪ್ಪಾದ ಮ್ಯಾಲೆ ಯಾರಿಗೂ ಅನ್ನ ಇಳೀಲಿಲ್ಲ. ನಾನು ಬಾಗ್ಲಲ್ಲಿ ಸಾಯ್ತೀನೋ ಒಳಕ್ ಹೋಯ್ತೀನೋ ನೋಡಾನ ಅಂತ ಕಾಯ್ತಾವ್ರೆ."

ಮಧ್ಯಾಹ್ನದೊಳಗೆ ನೂರ ನಲವತ್ತು ಜನ ಬಂದರು. ಕಿಲ್ಲೇದಾರರು ದಿಡ್ಡಿ ಬಾಗಿಲಿನಲ್ಲಿ ನಿಂತು ಪ್ರತಿಯೊಬ್ಬನನ್ನೂ ಯಾರು ಕರೆದರೆಂದು ಕೇಳಿದರು. ಹೆಸರು ಹೇಳಿದ ಕೂಡಲೇ ಕರೆದವಳು ಗುಂಪಿನಿಂದ ಮುಂದೆ ಬಂದು, ಇವನು ನಮ್ಮವನೇ ಎಂದು ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ಬಂದವರು ಭರ್ಜಿ ಕತ್ತಿಗಳನ್ನು ಬಾಗಿಲಿನ ಪಕ್ಕದಲ್ಲಿ ರಾಶಿ ಹಾಕಿದರು. ಮುಂದಿನ ಎರಡು ದಿನ ಇನ್ನೂ ಇನ್ನೂರು ಮುನ್ನೂರು ಜನ ಬಂದರು, ಹಳ್ಳಿಗಳ ಕೂಲಿ ಸಿಪಾಯಿಗಳಲ್ಲಿ ಬಹಳ ಮಂದಿ ರಾತ್ರೋರಾತ್ರಿ ತಮ್ಮ ತಮ್ಮ ಮನೆಗೆ ಹೊರಟುಹೋದರು. ಮೂರನೆಯ ದಿನ ಸಂಜೆ, ಹೊಳೆಯ ಕಡೆಯಿಂದ ಎತ್ತಿನ ಗಂಟೆಯ ಸದ್ದು ಕೇಳಿಸಿತು. ಫಿರಂಗಿ ಬಂತೆಂದೇ ಎಲ್ಲರೂ ಅಂದುಕೊಂಡೆವು. ನೋಡಿದರೆ ಬರೀ ಎತ್ತು. ಫಿರಂಗಿ ಎಳೆಯುವವರಲ್ಲಿ ಹನ್ನೊಂದು ಜನ ನಮ್ಮ ಊರಿನ ಅಳಿಯಂದಿರಂತೆ. ಅತ್ತೆಯರು ಕರೆದರೆಂದು, ಫಿರಂಗಿಗಳನ್ನು ಹೊಳೆಯ ಮರಳಿನಲ್ಲೇ ಬಿಟ್ಟು, ನಲವತ್ತು ಜೊತೆ ಎತ್ತು ಹೊಡೆದುಕೊಂಡು ಬಂದಿದ್ದರು. "ಎತ್ತುಗೋಳ್ನ ಬಿಸ್ಲಲ್ಲಿ ಬಿಟ್ಟು ಬರಾಕಾಯ್ತದಾ?" ಎಂದು ಅವರಲ್ಲಿ ಹಿರಿಯ ಅಳಿಯ ನಮ್ಮನ್ನೇ ಕೇಳಿದ. ಕಿಲ್ಲೇದಾರರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ನಗುವುದು ಬಾರದವರ ಹಾಗೆ, ಕೆಮ್ಮಿದಂತೆ ನಕ್ಕರು.

ನಾಲ್ಕನೆಯ ದಿನ ಬೆಳಿಗ್ಗೆ ಮೂಡಲ ದಾರಿಯಲ್ಲೂ ತೆಂಕಲ ದಾರಿಯಲ್ಲೂ ಧೂಳೆದ್ದಿತು. ಹೆಣ್ಣುಮಕ್ಕಳ ಗಾಡಿಗಳು. ಹೊತ್ತಲ್ಲದ ಹೊತ್ತಿನಲ್ಲಿ ತವರು ಕರೆದಿದೆ, ಏನೋ ಆಗಿದೆ ಎಂದು ಗಂಡನನ್ನೂ ಮೈದುನರನ್ನೂ ಹೊರಡಿಸಿಕೊಂಡು ಬಂದಿದ್ದರು. ತವರಿಗೆ ಬರಿಗೈಯಲ್ಲಿ ಹೋಗುವುದುಂಟೇ? ಗಾಡಿಯಲ್ಲಿ ರಾಗಿ, ಹುರುಳಿ, ಬೆಲ್ಲ. ನಿಂಗಾಜಮ್ಮನ ಮಗಳು ಚಿಕ್ಕಣಿ ಮೊದಲ ಗಾಡಿಯ ಮೇಲೆ ಒನಕೆ ಹಿಡಿದು ನಿಂತಿದ್ದಳು, ಹೂವೇನೂ ಮುಡಿದಿರಲಿಲ್ಲ. ಬುರುಜಿನ ಮೇಲಿಂದ ನೋಡುತ್ತಿದ್ದ ನಿಂಗಾಜಮ್ಮ, "ನೋಡೇ ನನ್ನ ಮಗೀನ" ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದಳು. ಆದರೆ ಗಾಡಿಗಳು ಡೇರೆಗಳ ಆಚೆಯೇ ನಿಂತವು. ನಡುವೆ ನಾಯಕನ ಹತ್ತಿರ ಇನ್ನೂ ಎಂಟುನೂರು ಜನ ಉಳಿದಿದ್ದರು. ನಮ್ಮ ಊರಿನಲ್ಲಿ ಯಾರೂ ಅವರನ್ನು ಕರೆದಿರಲಿಲ್ಲ. ಅವರು ಮನಸ್ಸು ಮಾಡಿ ಗಾಡಿಗಳ ಮೇಲೆ ಬಿದ್ದರೆ ಚಿಕ್ಕಣಿಯ ಒನಕೆ ಎಷ್ಟು ಹೊತ್ತು ತಡೆಯುತ್ತದೆ? ಕಲ್ಲು ಹತ್ತಿದ್ದ ನಮ್ಮಲ್ಲಿ ಮತ್ತೆ ಕರೆಯಲು ಒಂದು ಗಂಟಲೂ ಉಳಿದಿರಲಿಲ್ಲ. ಎರಡು ಗಳಿಗೆ ಯಾರೂ ಅಲುಗಾಡಲಿಲ್ಲ.

ಆಗ ಡೇರೆಗಳ ಕಡೆಯಿಂದ ಒಬ್ಬ ನಡೆದುಬಂದ. ವಯಸ್ಸಾದವನು, ಹೆಗಲ ಮೇಲೆ ಹರಿದ ಕಂಬಳಿ, ಕೈಯಲ್ಲಿ ಭರ್ಜಿ ಇರಲಿಲ್ಲ. ಹಲಗೆಯ ಆ ತುದಿಯಲ್ಲೇ ನಿಂತ. ಅವನ ಹಿಂದೆ ದೂರದಲ್ಲಿ ಮಿಕ್ಕವರು ಕುಕ್ಕುರುಗಾಲಿನಲ್ಲಿ ಕುಳಿತು ನೋಡುತ್ತಿದ್ದರು. ದಿಡ್ಡಿ ಬಾಗಿಲಿನಲ್ಲಿ ಎಂದಿನಂತೆ ಕಿಲ್ಲೇದಾರರು, ಅವರ ಬೆನ್ನ ಹಿಂದೆ ನಾನು, ನಿಂಗಾಜಮ್ಮ, ಗುಜ್ಜ.

"ಯಾರು ಕರೆದರು?" ಎಂದು ಕಿಲ್ಲೇದಾರರು ಕೇಳಿದರು.

ಗುಂಪಿನಿಂದ ಯಾರೂ ಮುಂದೆ ಬರಲಿಲ್ಲ. ಸಿಪಾಯಿಗಳು ಭರ್ಜಿ ಇಳಿಸಿ ಹಿಡಿದರು.

"ಯಾರೂ ಕರೀಲಿಲ್ಲ ಸ್ವಾಮಿ" ಎಂದ ಅವನು. "ನಮ್ಮ ಡೇರೇಲಿ ಎಂಟು ಜನ ಇದ್ವು. ಏಳು ಜನ ಕೇಳಿಸ್ತು ಅಂತ ಎದ್ದು ಬಂದ್ರು. ನಾನೂ ಎಲ್ಡು ದಿನ ಕಿವಿಗೊಟ್ಕಂಡು ಕುಂತಿದ್ದೆ. ನಂಗೇನೂ ಕೇಳಿಸ್ಲಿಲ್ಲ. ನಂಗೆ ಈ ಊರಲ್ಲಿ ಯಾರೂ ಇಲ್ಲ. ಯಾವ ಊರಲ್ಲೂ ಇಲ್ಲ. ಅಗೋ, ಅಲ್ಲಿ ಕುಂತಿರೋರೆಲ್ಲ ಹಂಗೇಯ. ಕರೀದೇ ಇದ್ರೂ ಬರಬೌದಾ ಅಂತ ಕೇಳ್ಕಂಡು ಬಾ ಅಂತ ನನ್ನ ಕಳಿಸವ್ರೆ."

ಕರೆಯದೆ ಬಂದವರಿಗೆ ಏನು ಮಾಡಬೇಕೆಂದು ನಮ್ಮವ್ವ ನನಗೆ ಹೇಳಿಕೊಟ್ಟಿರಲಿಲ್ಲ. ಕೈ ಹಿಡಿದು ನಮ್ಮವನೆನ್ನುವವರಿಲ್ಲ, ಹೊಣೆಯಾಗುವವರಿಲ್ಲ. ಎಂಟುನೂರು ಜನ ಒಳಗೆ ಬಂದು ತಿರುಗಿ ಬಿದ್ದರೆ ಫಿರಂಗಿಯೇ ಬೇಕಾಗಿಲ್ಲ. ಸಿಪಾಯಿಗಳ ಮುಖ್ಯಸ್ಥ, "ಬೇಡ ಬುದ್ದಿ" ಎಂದು ಮೆಲ್ಲಗೆ ಹೇಳಿದ. ಕಿಲ್ಲೇದಾರರು ಆ ಮುದುಕನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಆಗ ಇದ್ದದ್ದನ್ನು ನಾನು ಹಿಂದೆ ಒಂದೇ ಒಂದು ಸಲ ನೋಡಿದ್ದೆ, ಕಲ್ಲಿನ ಬುಡದಲ್ಲಿ ಕುಳಿತು ನಗಾರಿಯ ಮಾತು ಹೇಳಿದಾಗ.

"ಚಿಕ್ಕಂದಿನಲ್ಲಿ ನಿನ್ನನ್ನು ಏನೆಂದು ಕರೆಯುತ್ತಿದ್ದರಪ್ಪ?" ಎಂದು ಕೇಳಿದರು.

ಅವನು ಕಂಬಳಿಯ ಅಂಚು ಹಿಡಿದು ನೆನಪು ಮಾಡಿಕೊಂಡ. "ನಮ್ಮಜ್ಜಿ… ಚುಂಚ ಅಂತಿದ್ಲು ಸ್ವಾಮಿ."

ಕಿಲ್ಲೇದಾರರು ದಿಡ್ಡಿ ಬಾಗಿಲು ದಾಟಿ ಹಲಗೆಯ ಮೇಲೆ ಕಾಲಿಟ್ಟರು. ಏಳು ವಾರದಲ್ಲಿ, ಆ ಮೂವರು ಓಟಗಾರರನ್ನು ಬಿಟ್ಟರೆ, ಕೋಟೆಯವರು ಹೊರಗೆ ಕಾಲಿಟ್ಟದ್ದು ಅದೇ ಮೊದಲು. ಆ ತುದಿಯವರೆಗೂ ನಡೆದು ಹೋಗಿ, ಅವನ ತೋಳು ಹಿಡಿದು, "ಚುಂಚಾ, ಊಟಕ್ಕೆ ಬಾ" ಎಂದರು.

ಆ ಮುದುಕ ಮಕ್ಕಳ ಹಾಗೆ ಬಿಕ್ಕಿದ. ಕಿಲ್ಲೇದಾರರು ಅವನನ್ನು ನಮ್ಮ ಕಡೆಗೆ ಕಳಿಸಿ, ತಾವು ಮಾತ್ರ ಹಿಂದಿರುಗಲಿಲ್ಲ. ಕತ್ತಿಯನ್ನು ಸೊಂಟದಿಂದ ಬಿಚ್ಚಿ ಹಲಗೆಯ ಮೇಲಿಟ್ಟು, ಆ ಕುಳಿತಿದ್ದವರ ಕಡೆಗೆ ಒಬ್ಬರೇ ನಡೆದರು. ಮೊದಲು ಸಿಕ್ಕವನ ಮುಂದೆ ಬಗ್ಗಿ ಏನೋ ಕೇಳಿದರು. ದೂರದಲ್ಲಿದ್ದ ನಮಗೆ ಮಾತು ಕೇಳಿಸಲಿಲ್ಲ. ಅವನು ಎದ್ದು ನಿಂತದ್ದು ಕಾಣಿಸಿತು. ಆಮೇಲೆ ಅವನ ಪಕ್ಕದವನು, ಆಮೇಲೆ ಅವನ ಹಿಂದಿನವನು. ಡೇರೆಯ ಬಾಗಿಲಿನಲ್ಲಿ ನಿಂತ ನಾಯಕ ಏನೋ ಕಿರುಚುತ್ತಿದ್ದ, ಯಾರೂ ಆ ಕಡೆ ತಿರುಗಲಿಲ್ಲ. ಎಂಟುನೂರು ಹೆಸರು ಕೇಳಿ ಮುಗಿಸಲು ಸಂಜೆಯಾಗುತ್ತದೆ ಎಂದು ನಾನು ಲೆಕ್ಕ ಹಾಕಿ, ನಿಂಗಾಜಮ್ಮನನ್ನು ಕರೆದುಕೊಂಡು ದೊಡ್ಡ ಹಂಡೆಗಳಲ್ಲಿ ಎಸರಿಡಲು ಒಳಗೆ ಓಡಿದೆ.